ಉಬುಂಟು ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ಮತ್ತು ನುಡಿ ನಡೆಸುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮ ಅಂಗಡಿಯಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಉಬುಂಟು (ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆ) ಇದೆ. ಆದರೆ ಲೆಕ್ಕಪತ್ರವೆಲ್ಲ ವಿಂಡೋಸಿನ ಟ್ಯಾಲಿ ತಂತ್ರಾಂಶದಲ್ಲಿಯೂ, ಕನ್ನಡದ ಪತ್ರವ್ಯವಹಾರವೆಲ್ಲ ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿಯೂ ಇರುವುದರಿಂದ ಎರಡನ್ನೂ ಬಿಡುವಂತಿಲ್ಲ. ದಾರಿಯಿದೆಯೇ?

ಉತ್ತರ 1: ಎರಡು ದಾರಿಗಳಿವೆ. 1993ರಲ್ಲಿ ಆರಂಭವಾದ ವೈನ್ ಎಂಬ ತಂತ್ರಾಂಶ, ವಿಂಡೋಸ್ ತಂತ್ರಾಂಶದ ಕೋರಿಕೆಗಳನ್ನು ಲಿನಕ್ಸ್‌ಗೆ ತಿಳಿಯುವಂತೆ ಬದಲಿಸಿಕೊಡುತ್ತದೆ. ಸಣ್ಣ ತಂತ್ರಾಂಶಗಳಿಗೆ ಅದು ಸಾಕು, ಆದರೆ ವ್ಯಾಪಾರದ ಲೆಕ್ಕವನ್ನು ಅದರ ಭರವಸೆಯ ಮೇಲೆ ಬಿಡಬೇಡಿ. ಟ್ಯಾಲಿಗೆ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶ) ಒಳಗೆ ಪೂರ್ಣ ವಿಂಡೋಸ್ ಹಾಕಿಕೊಳ್ಳುವುದೇ ಕ್ಷೇಮ. ಅದಕ್ಕೆ ವಿಂಡೋಸ್ ಪರವಾನಗಿ ಬೇಕು, ಲ್ಯಾಪ್‌ಟಾಪಿನಲ್ಲಿ ಕನಿಷ್ಠ 8 ಜಿಬಿ ರ‍್ಯಾಮ್ ಇರಬೇಕು.

ಉತ್ತರ 2: ನುಡಿಗಾಗಿ ಇಷ್ಟು ಶ್ರಮ ಬೇಕಿಲ್ಲ. ಲಿನಕ್ಸಿನಲ್ಲಿ ಭಾಷೆಗಳ ಟೈಪಿಂಗಿಗೆ ನೆರವಾಗುವ ಐಬಸ್ (IBus) ಜೊತೆಗೆ ಎಂ17ಎನ್ (m17n) ಸ್ಥಾಪಿಸಿದರೆ ನುಡಿಯಲ್ಲಿರುವ ಅದೇ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಸಿಗುತ್ತದೆ, ಬೆರಳಿನ ಅಭ್ಯಾಸ ಬದಲಾಗದು. ತೊಡಕಿರುವುದು ಹಳೆಯ ಕಡತಗಳಲ್ಲಿ: ಅವುಗಳಲ್ಲಿರುವ ನುಡಿ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ್ದರಿಂದ ಪರಿವರ್ತಕದ ಮೂಲಕ ಬದಲಿಸಬೇಕಾಗುತ್ತದೆ. ಹಳೆಯ ಕಡತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರುತ್ತದೆ; ಆದ್ದರಿಂದ ‘ವರ್ಷ’, ‘ಖರ್ಚು’ ಮೊದಲಾದ ಪದಗಳನ್ನು ಪರಿವರ್ತನೆಯ ಬಳಿಕ ಕಣ್ಣಾರೆ ನೋಡಿಯೇ ಒಪ್ಪಿಕೊಳ್ಳಿ.

ಉತ್ತರ 3: ಹಳೆಯ ಕಂಪ್ಯೂಟರನ್ನು ಈಗಲೇ ವಿಲೇವಾರಿ ಮಾಡಬೇಡಿ. ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವಿಗೆ ತೆಗೆದು, ಹೊಸದರಲ್ಲಿ ಮರುಸ್ಥಾಪಿಸಿ, ಎರಡರ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿ ಪಟ್ಟಿ) ತಾಳೆಯಾಗುವವರೆಗೂ ಹಳೆಯದು ಅಂಗಡಿಯಲ್ಲೇ ಇರಲಿ.