ಸೈಲೆನ್ಸರ್ ಬದಲಿಸಿದರೆ ಜೆಟ್ಟನ್ನೂ ಬದಲಿಸಬೇಕೇ?

ಬೆಣ್ಣೆನಗರಿ ಸವಾರ:
ನನ್ನದು 2013ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಗಾಳಿ ಪೆಟ್ರೋಲ್ ಬೆರೆಸಲು ಕಾರ್ಬ್ಯುರೇಟರ್ ಇರುವ ಗಾಡಿ. ಹಳೆಯ ಸೈಲೆನ್ಸರ್ ತಳದಲ್ಲಿ ತುಕ್ಕು ಹಿಡಿದು ತೂತಾಗಿತ್ತು. ಹೇಗೂ ಹೊಸದು ಬೇಕಲ್ಲ ಎಂದು, ಒಳಗೆ ತಡೆಗೋಡೆಗಳೇ ಇಲ್ಲದ ಗಿಡ್ಡ ಸೈಲೆನ್ಸರ್ ಹಾಕಿಸಿದೆ. ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಬೆಂಡ್ ಪೈಪ್, ಏರ್ ಫಿಲ್ಟರ್ ಎರಡೂ ಕಂಪನಿಯವೇ. ಮೊದಲ ದಿನ ಪಿ.ಬಿ. ರಸ್ತೆಯಲ್ಲಿ ಹಿಗ್ಗೋ ಹಿಗ್ಗು. ಈಗ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಪಟ್ ಪಟ್ ಎಂದು ಸಿಡಿಯುತ್ತದೆ, ಬೆಂಡ್ ಪೈಪ್ ಎಂಜಿನ್ ಬುಡದಲ್ಲಿ ನೀಲಿಗಟ್ಟಿದೆ. ಹಾಕಿಕೊಟ್ಟವರು ‘ಬೇರೇನೂ ಬೇಕಿಲ್ಲ’ ಎನ್ನುತ್ತಾರೆ. ಇನ್ನೊಂದು ಗ್ಯಾರೇಜಿನವರು ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ), ಫಿಲ್ಟರ್, ಇಗ್ನಿಷನ್ ಕಾಯಿಲ್ ಎಂದು ಏಳು ಸಾವಿರದ ಲೆಕ್ಕ ಬರೆದುಕೊಟ್ಟರು. ಯಾರನ್ನು ನಂಬಲಿ?

ಕೋಟೆ ಬುಲೆಟ್:
ಎರಡನೆಯವರನ್ನು. ಹೊಗೆ ಸಲೀಸಾಗಿ ಹೊರಗೆ ಹೋದರೆ ಗಾಳಿ ಹೆಚ್ಚು ಒಳಗೆ ಬರುತ್ತದೆ; ಪೆಟ್ರೋಲ್ ಮಾತ್ರ ಹಳೆಯ ಮೇನ್ ಜೆಟ್‌ನ ತೂತಿನಷ್ಟೇ ಬರುತ್ತದೆ. ಮೇಸ್ತ್ರಿಗಳು ಲೀನ್ ಎನ್ನುವುದು ಇದನ್ನೇ. ನಾನೂ ಅಸಡ್ಡೆ ಮಾಡಿ ಮೇ ತಿಂಗಳಲ್ಲಿ ಜೋಗಿಮಟ್ಟಿ ಏರು ಹತ್ತಿಸಿದ್ದೆ. ಅರ್ಧ ದಾರಿಯಲ್ಲಿ ಎಂಜಿನ್ ಕೆಂಡವಾಗಿ, ಗಾಡಿಯನ್ನು ಮರದ ನೆರಳಿಗೆ ತಳ್ಳಿ ಮುಕ್ಕಾಲು ಗಂಟೆ ಕೂತೆ. ಕಂಪನಿಯ ಸೈಲೆನ್ಸರ್‌ನಲ್ಲಿ ಬ್ಯಾಕ್ ಪ್ರೆಷರ್, ಅಂದರೆ ಹೊಗೆಯನ್ನು ಹಿಂದಕ್ಕೆ ತಡೆಯುವ ಒತ್ತಡ ಇರುತ್ತದೆ, ಎಂಜಿನ್‌ಗೆ ಅದು ಬೇಕು.

ತುಂಗಭದ್ರಾ ತೀರ:
ಕೊನೆಯ ಮಾತು ಒಪ್ಪಲಾರೆ. ತನ್ನ ಹೊಗೆಯನ್ನು ತಾನೇ ದಬ್ಬಲು ಹೆಣಗುವುದರಿಂದ ಯಾವ ಎಂಜಿನ್‌ಗೂ ಲಾಭವಿಲ್ಲ. ಬೇಕಾದದ್ದು ಹೊಗೆಯ ವೇಗ. ಪೈಪ್‌ನ ಅಗಲ, ಉದ್ದ ಸರಿಯಿದ್ದರೆ ಮುಂದೆ ಹೋದ ಹೊಗೆ ಹಿಂದಿನದನ್ನು ಎಳೆದುಕೊಳ್ಳುತ್ತದೆ. ಅಗಲ ಅತಿಯಾದರೆ ವೇಗ ಕುಗ್ಗುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸೊರಗುತ್ತದೆ. ಇದನ್ನೇ ಜನ ‘ಬ್ಯಾಕ್ ಪ್ರೆಷರ್ ಹೋಯಿತು’ ಎನ್ನುತ್ತಾರೆ.

ನನ್ನ ತಮ್ಮನದು 2022ರ ಕ್ಲಾಸಿಕ್, ಫ್ಯೂಯಲ್ ಇಂಜೆಕ್ಷನ್. ಹಿಂದಿನ ಸೈಲೆನ್ಸರ್ ಒಂದನ್ನೇ ಬದಲಿಸಿದ, ಮತ್ತೇನೂ ಮುಟ್ಟಲಿಲ್ಲ, ತೊಂದರೆಯೂ ಆಗಲಿಲ್ಲ. ಬೆಂಡ್ ಪೈಪ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ನೋಡಿ ಇಸಿಯುಗೆ (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ವರದಿ ಕೊಡುತ್ತದೆ, ಅದು ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಒಂದೇ ಹದದಲ್ಲಿ ಓಡಿಸುವಾಗಿನ ಮಾತು ಇದು. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಇಸಿಯು ತನ್ನಲ್ಲಿ ಮೊದಲೇ ಬರೆದಿಟ್ಟ ಲೆಕ್ಕವನ್ನೇ ನೆಚ್ಚುತ್ತದೆ. ಹಾಗಾಗಿ ಬೆಂಡ್ ಪೈಪ್, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲ ಕಿತ್ತು ಪೂರ್ತಿ ಸೆಟ್ ಹಾಕಿದರೆ ಮ್ಯಾಪಿಂಗ್, ಅಂದರೆ ಆ ಲೆಕ್ಕವನ್ನು ಹೊಸದಾಗಿ ಬರೆಸುವ ಕೆಲಸ, ಮಾಡಿಸಲೇಬೇಕು. 20 ಎಚ್‌ಪಿ ಗಾಡಿಗೆ ಇಷ್ಟೆಲ್ಲ ಮಾಡಿ ಸಿಗುವುದೇನು ಎಂದು ಕೇಳಿದರೆ ತಮ್ಮ ಮಾತು ತಿರುಗಿಸುತ್ತಾನೆ.

ಹಳೇ ಸ್ಪ್ಯಾನರ್:
ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವನು, ಹೇಳುತ್ತೇನೆ ಕೇಳಿ. ಇಂಜೆಕ್ಷನ್ ಕಥೆ ಇವರ ಗಾಡಿಗೆ ಸಲ್ಲುವುದಿಲ್ಲ. 2020ರಲ್ಲಿ ಬಿಎಸ್6 ಹೊಗೆ ನಿಯಮ ಬರುವ ತನಕ ಕ್ಲಾಸಿಕ್ 350ಗೆ ಕಾರ್ಬ್ಯುರೇಟರೇ ಇತ್ತು. ಆದರೆ ಕೋಟೆಯವರೇ, ಆಕ್ಸಿಲರೇಟರ್ ಬಿಟ್ಟಾಗ ಸಿಡಿಯುವುದಕ್ಕೂ ಮೇನ್ ಜೆಟ್‌ಗೂ ಏನು ಸಂಬಂಧ? ಮೇನ್ ಜೆಟ್ ಕೆಲಸಕ್ಕೆ ಇಳಿಯುವುದು ಮುಕ್ಕಾಲು ಆಕ್ಸಿಲರೇಟರ್ ದಾಟಿದ ಮೇಲೆ. ಮುಚ್ಚಿದಾಗಿನ ಮಿಶ್ರಣ ಪೈಲಟ್ ಜೆಟ್ ಮತ್ತು ಅದರ ಸ್ಕ್ರೂ ಕೈಯಲ್ಲಿದೆ.

ಅದಕ್ಕೂ ಮೊದಲು ಒಂದು ನೋಡಿ. ಸೈಲೆನ್ಸರ್ ಬಿಚ್ಚಿದವರು ಬೆಂಡ್ ಪೈಪನ್ನೂ ಅಲ್ಲಾಡಿಸಿರುತ್ತಾರೆ. ಎಂಜಿನ್ ತಲೆಗೆ ಅದು ಕೂರುವ ಜಾಗದಲ್ಲಿ ಸಂದಿ ಮುಚ್ಚುವ ಗ್ಯಾಸ್ಕೆಟ್ ಒಮ್ಮೆ ಅಮುಕಿದ ಮೇಲೆ ಮತ್ತೆ ಕೂರುವುದಿಲ್ಲ. ಅಲ್ಲಿಂದ ಹೊರಗಿನ ಗಾಳಿ ನುಸುಳಿ, ಉರಿಯದೆ ಉಳಿದ ಪೆಟ್ರೋಲ್ ಆವಿ ಬಿಸಿ ಪೈಪ್‌ನಲ್ಲಿ ಹತ್ತಿಕೊಳ್ಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಆ ಸಂದಿಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಕಳ್ಳ ಸಿಕ್ಕ. ಪೈಪ್ ನೀಲಿಗಟ್ಟಿದ್ದನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ, ಪ್ಲಗ್ ಬಿಚ್ಚಿ ನೋಡಿ. ಹುರಿದ ರಾಗಿ ಹಿಟ್ಟಿನ ಬಣ್ಣವಿದ್ದರೆ ಸರಿ, ಸುಣ್ಣದಂತಿದ್ದರೆ ಲೀನ್, ಮಸಿಯಾಗಿದ್ದರೆ ಪೆಟ್ರೋಲ್ ಜಾಸ್ತಿ.

ಕಾಯಿಲ್ ಏಕೆ ಎಂದು ಆ ಏಳು ಸಾವಿರದವರನ್ನೇ ಕೇಳಿ, ನನಗೂ ತಿಳಿಯಬೇಕಾಗಿದೆ. ಫಿಲ್ಟರ್ ಕೂರುವ ಏರ್ ಬಾಕ್ಸ್ ಕಿತ್ತು ಶಂಕುವಿನಂಥ ಫಿಲ್ಟರ್ ಹಾಕಲು ಮಾತ್ರ ಬಿಡಬೇಡಿ. ಈ ಕಾರ್ಬ್ಯುರೇಟರ್‌ನಲ್ಲಿ ಗಾಳಿಯ ದಾರಿ ತೆರೆಯುವ ಸ್ಲೈಡ್ ಮೇಲೇಳುವುದು ಗಾಳಿಯ ಸೆಳೆತದಿಂದ. ಅದು ಏರುಪೇರಾದರೆ ಯಾವ ಜೆಟ್ ಹಾಕಿದರೂ ಹದಕ್ಕೆ ಬರುವುದಿಲ್ಲ. ನಮ್ಮ ಮೆಕ್ಕೆಜೋಳದ ಸುಗ್ಗಿಯ ಧೂಳು ಬೇರೆ.

ವಿದ್ಯಾನಗರದ ನಿದ್ದೆಗೆಟ್ಟವನು:
ಜೆಟ್ ವಿಚಾರ ಆಯಿತು, ಕಿವಿಯ ವಿಚಾರಕ್ಕೆ ಬನ್ನಿ. ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಇಂಥದ್ದೊಂದು ಗಾಡಿ ಬರುತ್ತದೆ. ಆರು ತಿಂಗಳ ಮೊಮ್ಮಗು ಬೆಚ್ಚಿ ಎದ್ದರೆ ಮತ್ತೆ ಮಲಗಿಸುವ ಹೊತ್ತಿಗೆ ಒಂದು ಗಂಟೆ. 175 ಸಿಸಿ ಮೀರಿದ ಬೈಕ್‌ಗೆ ತಯಾರಿಕೆಯ ಹಂತದಲ್ಲೇ 80 ಡೆಸಿಬೆಲ್ ಮಿತಿ ಇಟ್ಟಿದ್ದಾರೆ. ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮು 2019ರ ತಿದ್ದುಪಡಿಯ ನಂತರ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು ಎನ್ನುತ್ತದೆ. ಏಳು ಸಾವಿರದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಕೋಟೆ ಬುಲೆಟ್:
ಯಜಮಾನರೇ, ಎಲ್ಲರೂ ರಾತ್ರಿ ಹನ್ನೊಂದಕ್ಕೆ ಓಡಿಸುವುದಿಲ್ಲ. ಲಾರಿಗಳ ಹಾರ್ನ್‌ಗೆ ಯಾರೂ ಏನೂ ಹೇಳುವುದಿಲ್ಲ.

ವಿದ್ಯಾನಗರದ ನಿದ್ದೆಗೆಟ್ಟವನು:
ಲಾರಿ ನಮ್ಮ ಅಡ್ಡರಸ್ತೆಗೆ ಬರುವುದಿಲ್ಲವಪ್ಪ.

ಬೆಣ್ಣೆನಗರಿ ಸವಾರ:
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಸ್ಪ್ಯಾನರ್ ಅಣ್ಣ, ಸೋಪಿನ ನೀರು ಹಚ್ಚಿದೊಡನೆ ಅಕ್ಕಿ ಬೇಯುವಂತೆ ಗುಳ್ಳೆ ಬಂತು. ಹಳೆಯ ಗ್ಯಾಸ್ಕೆಟ್ ಕಾಗದದಷ್ಟು ಚಪ್ಪಟೆಯಾಗಿತ್ತು. ಹೊಸದು ಹಾಕಿಸಿ, ಪೈಲಟ್ ಸ್ಕ್ರೂ ಅರ್ಧ ಸುತ್ತು ಬಿಚ್ಚಿದ ಮೇಲೆ ಸಿಡಿಯುವುದು ಮುಕ್ಕಾಲು ಪಾಲು ನಿಂತಿತು. ಆಮೇಲೆ ಆನಗೋಡಿನ ಕಡೆ ಹೆದ್ದಾರಿಯಲ್ಲಿ ಮೂರನೇ ಗೇರ್‌ನಲ್ಲಿ ಪೂರ್ತಿ ಎಳೆದು, ಕ್ಲಚ್ ಹಿಡಿದು ಎಂಜಿನ್ ಆರಿಸಿ, ಬದಿಗೆ ನಿಂತು ಪ್ಲಗ್ ಬಿಚ್ಚಿದೆ. ಸುಣ್ಣ! ಹಾಗಾಗಿ ಕೋಟೆಯವರ ಮಾತೂ ಸುಳ್ಳಲ್ಲ. ಮೇನ್ ಜೆಟ್ ಒಂದೇ ಒಂದು ಅಳತೆ ದೊಡ್ಡದು ಹಾಕಿಸಿದೆ, ಈಗ ರಾಗಿ ಬಣ್ಣ ಬಂದಿದೆ. ಫಿಲ್ಟರ್, ಕಾಯಿಲ್ ಮುಟ್ಟಲಿಲ್ಲ. ಒಟ್ಟು ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ವಿದ್ಯಾನಗರದವರ ಮಾತು ಮನಸ್ಸಿಗೆ ನಾಟಿತು. ಮನೆಯಲ್ಲಿ ಅಪ್ಪ ಕೂಡ ಅದನ್ನೇ ಬೇರೆ ಭಾಷೆಯಲ್ಲಿ ಹೇಳಿದರು. ಕಂಪನಿಯ ಸೈಲೆನ್ಸರ್ ಸಿಗುವವರೆಗೆ, ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ಕೊಳವೆಯನ್ನು ಇದರ ಬಾಯಿಗೆ ಕೂರಿಸಿದ್ದೇನೆ. ಈಗ ಗಾಡಿ ಎಳೆಯುವಾಗ ಸ್ವಲ್ಪ ಮುಗ್ಗರಿಸುತ್ತದೆ, ಏಕೆ?

ಹಳೇ ಸ್ಪ್ಯಾನರ್:
ಬಾಯಿ ಕಟ್ಟಿದ ಮೇಲೆ ಊಟವನ್ನೂ ಕಡಿಮೆ ಮಾಡಬೇಕಲ್ಲವೇ? ಮೊದಲು ಪ್ಲಗ್ ನೋಡಿ, ಮಸಿ ಹಿಡಿದಿರಬೇಕು. ಬಿಚ್ಚಿದ ಹಳೆಯ ಜೆಟ್ ಬಿಸಾಡಿಲ್ಲ ತಾನೇ?