ಪದಚರ್ಚೆ: ಹದಿನೆಂಟು ತುಂಬಿದ ಮೇಲೆ 'ಪೋಷಕ' ಯಾರು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ಬೆಳೆಸುತ್ತಿರುವ ಕುಟುಂಬಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದ್ದು, ಅದರ ಭಾಷೆಯನ್ನು ತಿದ್ದುವ ಹೊಣೆ ನನ್ನ ಪಾಲಿಗೆ ಬಂದಿದೆ. ಶಾಲೆ, ಚಿಕಿತ್ಸೆ, ಪ್ರಮಾಣಪತ್ರಗಳ ಅಧ್ಯಾಯಗಳು ಹೇಗೋ ಮುಗಿದವು. ಮಗುವಿಗೆ ಹದಿನೆಂಟು ತುಂಬಿದಾಗ ಕಾನೂನಿನ ಕಣ್ಣಿನಲ್ಲಿ ಏನು ಬದಲಾಗುತ್ತದೆ ಎಂಬುದನ್ನು ವಿವರಿಸುವ ಅಧ್ಯಾಯ ಮಾತ್ರ 'ಪೋಷಕ' ಎಂಬ ಒಂದು ಪದದ ಬಳಿ ಬಂದು ನಿಂತಿದೆ. ಅದರ ಅರ್ಥವ್ಯಾಪ್ತಿಯ ಬಗ್ಗೆ, ಸಾಧ್ಯವಾದರೆ ಅದಕ್ಕೊಂದು ಬದಲಿಯ ಬಗ್ಗೆ, ನಿಮ್ಮ ಅಭಿಪ್ರಾಯ ಕೇಳುವುದು ಈ ಪತ್ರದ ಉದ್ದೇಶ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಇವುಗಳಲ್ಲಿ ಯಾವುದು ಸರಿ ಎಂಬ ಚರ್ಚೆಯನ್ನು ದಯವಿಟ್ಟು ಇದರೊಳಗೆ ತರಬಾರದೆಂದು ಕೋರುತ್ತೇನೆ. ಅದು ದೊಡ್ಡದು, ಅದು ಬಂದರೆ ಇದು ಮುಳುಗುತ್ತದೆ.

ಹಳೆ ಮೈಸೂರಿನ ಕಡೆಯ ಶಾಲೆಗಳಲ್ಲಿ 'ಪೋಷಕರು' ಎಂದರೆ ತಂದೆತಾಯಿ. 'ಪೋಷಕರ ಸಭೆ' ಎಂದು ಚೀಟಿ ಬಂದರೆ ಯಾರು ಹೋಗಬೇಕೆಂದು ಯಾರಿಗೂ ಅನುಮಾನವಿಲ್ಲ. ಆದರೆ ಅದೇ ಶಾಲೆಯ ದಾಖಲಾತಿ ಅರ್ಜಿಯ ಕೊನೆಯಲ್ಲಿ 'ತಂದೆ / ತಾಯಿ / ಪೋಷಕರ ಸಹಿ' ಎಂದಿರುತ್ತದೆ. ಅಲ್ಲಿ ಪೋಷಕರೆಂದರೆ ತಂದೆಯೂ ತಾಯಿಯೂ ಅಲ್ಲದ ಮೂರನೆಯವರು, ಅಂದರೆ ಮಗುವನ್ನು ಇಟ್ಟುಕೊಂಡು ಸಾಕುತ್ತಿರುವ ಅಜ್ಜಿಯೋ ಸೋದರಮಾವನೋ. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ಎರಡನ್ನೂ ಬೇರೆ ಬೇರೆಯಾಗಿ ವ್ಯಾಖ್ಯಾನಿಸುತ್ತದೆ: ಹೆತ್ತ ತಂದೆತಾಯಿ, ಮಲತಂದೆ ಮಲತಾಯಿ ಅಥವಾ ದತ್ತು ತಂದೆತಾಯಿ ಒಂದು ವರ್ಗ, ಮಗುವಿನ ಆರೈಕೆಯನ್ನೂ ಸುಪರ್ದನ್ನೂ ವಹಿಸಿಕೊಂಡವರು, ನ್ಯಾಯಾಲಯ ನೇಮಿಸಿದವರೂ ಸೇರಿದಂತೆ, ಇನ್ನೊಂದು ವರ್ಗ. ಮಗು ಚಿಕ್ಕದಾಗಿರುವಷ್ಟು ದಿನ ಈ ಗೊಂದಲದಿಂದ ಯಾರಿಗೂ ನಷ್ಟವಿಲ್ಲ, ಏಕೆಂದರೆ ಬಹುತೇಕ ಮನೆಗಳಲ್ಲಿ ಹೆತ್ತವರು, ಸಾಕುವವರು, ಸಹಿ ಹಾಕುವ ಅಧಿಕಾರವಿರುವವರು ಮೂವರೂ ಒಬ್ಬರೇ ಆಗಿರುತ್ತಾರೆ.

ಈ ಮೂರು ಪಾತ್ರಗಳು ಒಂದರಿಂದೊಂದು ಬಿಡಿಸಿಕೊಳ್ಳುವುದು ಹದಿನೆಂಟನೆಯ ಹುಟ್ಟುಹಬ್ಬದಂದು. 1875ರ ಪ್ರಾಪ್ತವಯಸ್ಸಿನ ಕಾಯ್ದೆಯ ಪ್ರಕಾರ ಅಂದು ಮಗನೋ ಮಗಳೋ ವಯಸ್ಕರಾಗುತ್ತಾರೆ. ಅವರಿಗೆ ಬೌದ್ಧಿಕ ವೈಕಲ್ಯವಿದೆ ಎಂಬ ಕಾರಣಕ್ಕೆ ಈ ಲೆಕ್ಕ ತಪ್ಪುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆ ತಂದೆಗೂ ತಾಯಿಗೂ ಕೊಡುವ ಸಹಜ ಅಧಿಕಾರವು, ಹೆಸರೇ ಹೇಳುವಂತೆ, ಅಪ್ರಾಪ್ತವಯಸ್ಕರ ಮೇಲಿನದು. ಆದ್ದರಿಂದ ಅದೂ ಅಂದಿಗೆ ಮುಗಿಯುತ್ತದೆ. ಮುಂದೆ ಮಗನ ಹೆಸರಿನಲ್ಲಿ ಬ್ಯಾಂಕು ಖಾತೆ ನಡೆಸಬೇಕೆಂದರೆ, ಅವನ ಪಾಲಿನ ಜಮೀನಿನ ಕಾಗದಕ್ಕೆ ಸಹಿ ಹಾಕಬೇಕೆಂದರೆ, ತಂದೆತಾಯಿ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಅಡಿಯಲ್ಲಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿಯ ದರ್ಜೆಯ ಅಧಿಕಾರಿಯೊಬ್ಬರು, ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರು ಮತ್ತು ಅಂಗವೈಕಲ್ಯವಿರುವ ವ್ಯಕ್ತಿಯೊಬ್ಬರು ಆ ಸಮಿತಿಯಲ್ಲಿ ಇರಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಈ ನಾಲ್ಕಕ್ಕಷ್ಟೇ ಅನ್ವಯಿಸುವ ಕಾಯ್ದೆ ಇದು. ವಯಸ್ಕ ಮಗನ ಪರವಾಗಿ ಸಹಿ ಮಾಡಲು ಸಮಿತಿ ನೇಮಿಸುವ ವ್ಯಕ್ತಿಗೆ, ಅಂದರೆ ಇಂಗ್ಲಿಷಿನ 'ಗಾರ್ಡಿಯನ್'ಗೆ, ನಮ್ಮ ಕರಡಿನಲ್ಲಿ ಇಟ್ಟಿರುವ ಹೆಸರೂ 'ಪೋಷಕ'.

ಪರಿಣಾಮವಾಗಿ ನಮ್ಮ ಕರಡಿನಲ್ಲಿ ಈ ವಾಕ್ಯ ಹುಟ್ಟಿಕೊಂಡಿದೆ: 'ಮಗನಿಗೆ ಹದಿನೆಂಟು ತುಂಬಿದ ಮೇಲೆ ಪೋಷಕರು ಆತನ ಪೋಷಕರಾಗಿ ಉಳಿಯುವುದಿಲ್ಲವಾದ್ದರಿಂದ ಪೋಷಕರಾಗಿ ನೇಮಕಗೊಳ್ಳಲು ಪೋಷಕರು ಅರ್ಜಿ ಸಲ್ಲಿಸತಕ್ಕದ್ದು.' ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದ ತಂದೆಯೊಬ್ಬರು, "ಇಷ್ಟು ವರ್ಷ ಎತ್ತಿ ಇಳಿಸಿ ಸಾಕಿದ್ದು ನಾವು, ನಾವು ಪೋಷಕರಲ್ಲ ಅಂದರೆ ಇನ್ಯಾರು?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಪೋಷಣೆ ನಿಲ್ಲುವುದಿಲ್ಲ, ನಿಲ್ಲುವುದು ಮಗನ ಪರವಾಗಿ ಸಹಿ ಮಾಡುವ ಅಧಿಕಾರ ಮಾತ್ರ. ಎರಡಕ್ಕೂ ಒಂದೇ ಪದವಿಟ್ಟರೆ ಕಾನೂನು ತಮ್ಮ ತಂದೆತನವನ್ನೇ ಪ್ರಶ್ನಿಸುತ್ತಿದೆ ಎಂದು ಓದುಗರಿಗೆ ಅನ್ನಿಸುತ್ತದೆ. ಇನ್ನು ಕೆಲವರು ಇದಕ್ಕೆ ತಿರುಗುಮುರುಗಾಗಿ, ತಾವು ಹೇಗೂ ಪೋಷಕರೇ ಆಗಿರುವುದರಿಂದ ಅರ್ಜಿ ಹಾಕುವ ಅಗತ್ಯವೇ ಇಲ್ಲವೆಂದು ಸುಮ್ಮನಿದ್ದು, ಬ್ಯಾಂಕಿನ ಕಿಟಕಿಯ ಮುಂದೆ ನಿಂತಾಗ ಮೊದಲ ಬಾರಿಗೆ ವಿಷಯ ತಿಳಿದುಕೊಳ್ಳುತ್ತಾರೆ.

ಪದದ ಮೂಲವೂ ನಮಗೆ ನೆರವಾಗುವುದಿಲ್ಲ. 'ಪುಷ್' ಧಾತುವಿನಿಂದ ಬಂದ ಈ ಪದದಲ್ಲಿ ಇರುವುದು ಉಣಿಸಿ ಬೆಳೆಸುವ ಅರ್ಥ, ಪೋಷಕಾಂಶದಲ್ಲಿಯೂ ಅದೇ. ಅಲ್ಲಿಂದ ಕಲಾಪೋಷಕರು, ಸಂಘದ ಮಹಾಪೋಷಕರು ಎಂಬಂತೆ ಹಣ ಕೊಟ್ಟು ಬೆನ್ನ ಹಿಂದೆ ನಿಲ್ಲುವವರ ಅರ್ಥ ಬಂತು. ಸಿನಿಮಾದವರು ನಾಯಕನ ಪಕ್ಕದಲ್ಲಿ ನಿಲ್ಲುವವನನ್ನು ಪೋಷಕ ನಟ ಎಂದರು. (ಒಂದು ದೃಷ್ಟಿಯಿಂದ ಈ ಸಿನಿಮಾ ಅರ್ಥವೇ ನಮಗೆ ಹೆಚ್ಚು ಹತ್ತಿರದ್ದು ಎಂದು ಮುಂದೆ ಹೇಳುವವನಿದ್ದೇನೆ.) ಈ ಯಾವ ಅರ್ಥದಲ್ಲಿಯೂ ಲೆಕ್ಕ ಒಪ್ಪಿಸುವ ಬಾಧ್ಯತೆ ಇಲ್ಲ. ಆದರೆ 1999ರ ಕಾಯ್ದೆ ಮುಖ್ಯವಾಗಿ ಹೇಳುವುದು ಅದನ್ನೇ: ನೇಮಕಗೊಂಡವರು ಆರು ತಿಂಗಳೊಳಗೆ ಆ ವ್ಯಕ್ತಿಯ ಸ್ಥಿರ ಚರ ಆಸ್ತಿಯ ಪಟ್ಟಿ ಕೊಡಬೇಕು, ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು, ಕಡೆಗಣಿಸಿದರೆ ಅಥವಾ ಆಸ್ತಿಯನ್ನು ದುರುಪಯೋಗ ಮಾಡಿಕೊಂಡರೆ ಸಮಿತಿ ಅವರನ್ನು ತೆಗೆದುಹಾಕಬಹುದು. ತಂದೆತನವನ್ನು ಯಾವ ಸಮಿತಿಯೂ ತೆಗೆದುಹಾಕಲಾರದು. ತೆಗೆದುಹಾಕಬಹುದಾದ ಹುದ್ದೆಯೊಂದಕ್ಕೆ, ತೆಗೆದುಹಾಕಲಾಗದ ಸಂಬಂಧದ ಹೆಸರಿಡುವುದು ನನಗೆ ಸರಿಕಾಣುತ್ತಿಲ್ಲ.

ಹಾಗಾದರೆ ಬೇರೆ ಯಾವ ಪದ? 'ಪಾಲಕ' ಎಂದು ಮೊದಲು ಹೊಳೆಯಿತು. ಗ್ರಂಥಪಾಲಕ, ನಿಲಯಪಾಲಕ, ರಾಜ್ಯಪಾಲ ಮುಂತಾದವುಗಳಲ್ಲಿ ನೇಮಕ, ಅಧಿಕಾರ, ಹೊಣೆ ಮೂರೂ ಇರುವುದರಿಂದ ಅರ್ಥ ಚೆನ್ನಾಗಿಯೇ ಹೊಂದುತ್ತದೆ. ಆದರೆ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಶಾಲೆಯವರು ತಂದೆತಾಯಿಯರನ್ನು ಕರೆಯುವುದೇ 'ಪಾಲಕರು' ಎಂದು. ಮರಾಠಿಯಲ್ಲಿಯೂ ಶಾಲೆಯ ಮಾತಿನಲ್ಲಿ ತಂದೆತಾಯಿ 'ಪಾಲಕ', ಮಗು 'ಪಾಲ್ಯ'. ಮೈಸೂರಿನ ಓದುಗರ ತೊಡಕನ್ನು ಬಿಡಿಸಲು ಹೋಗಿ ಅದನ್ನು ಹುಬ್ಬಳ್ಳಿಯ ಓದುಗರಿಗೆ ದಾಟಿಸಿದಂತಾಗುತ್ತದೆ. ಹಿಂದಿಯವರು ಶಾಲೆಗೆ 'ಅಭಿಭಾವಕ', ಕಾನೂನಿಗೆ 'ಸಂರಕ್ಷಕ' ಎಂದು ಎರಡು ಪದ ಇಟ್ಟುಕೊಂಡು ಪಾರಾಗಿದ್ದಾರೆ. ತಮಿಳರಿಗೆ 'ಪೆಟ್ರೋರ್', 'ಪಾದುಕಾವಲರ್' ಎಂಬ ಎರಡು ಪದಗಳಿವೆ. ಮೊದಲನೆಯದು ನಮ್ಮ 'ಹೆತ್ತವರು' ಎಂಬುದರ ದಾಯಾದಿ. ಮಲಯಾಳದಲ್ಲಿ ಶಾಲೆಯವರು ತಂದೆತಾಯಿಯರನ್ನೇ 'ರಕ್ಷಿತಾಕ್ಕಳ್' ಎನ್ನುವುದರಿಂದ ಅವರಿಗೂ ನಮ್ಮದೇ ತೊಡಕು ಇರಬೇಕು. ಕನ್ನಡದಲ್ಲಿ 'ರಕ್ಷಕ' ಎಂದರೆ ಆರಕ್ಷಕ ಠಾಣೆಯ ನೆನಪು ಬರುತ್ತದೆ. ಅಲ್ಲದೆ ಅಪಾಯದಲ್ಲಿರುವವರನ್ನು ಕಾಪಾಡುವ ಧ್ವನಿ ಅದಕ್ಕಿದೆ, ನಮ್ಮ ಸಂದರ್ಭಕ್ಕೆ ಅದು ಅತಿಯಾಯಿತು. 'ಹೊಣೆಗಾರ' ಎಂಬುದು ನನಗೆ ತುಂಬ ಇಷ್ಟವಾದ ಪದ, ಆದರೆ ಸಹಕಾರಿ ಸಂಘದಲ್ಲಿ ಸಾಲ ಮಾಡಿದವರಿಗೆಲ್ಲ ಅದು ಜಾಮೀನುದಾರನ ನೆನಪು ತರುತ್ತದೆ.

ಮರಾಠಿಯ ಜಮೀನು ಉತಾರಗಳಲ್ಲಿ (ಪಹಣಿಯಂಥ ದಾಖಲೆಗಳಲ್ಲಿ) 'ಅ.ಪಾ.ಕ.' ಎಂಬ ಸಂಕ್ಷೇಪವಿದೆ. ಅದನ್ನು ಬಿಡಿಸಿದರೆ 'ಅಜ್ಞಾನ ಪಾಲನಕರ್ತಾ'. ಅಲ್ಲಿ 'ಅಜ್ಞಾನ' ಎಂದರೆ ಅಪ್ರಾಪ್ತವಯಸ್ಕ, 'ಸಜ್ಞಾನ' ಎಂದರೆ ಪ್ರಾಪ್ತವಯಸ್ಕ. ವಯಸ್ಸನ್ನು ಅರಿವಿನಿಂದ ಅಳೆದ ಈ ಜೋಡಿಪದವು, ಅರಿವಿನ ಕಾರಣಕ್ಕಾಗಿಯೇ ಪಾಲನಕರ್ತರು ಬೇಕಾಗುವ ವಯಸ್ಕರ ವಿಷಯದಲ್ಲಿ ಎಷ್ಟು ಒರಟಾಗಿಬಿಡುತ್ತದೆ ಎಂಬುದನ್ನು ಗಮನಿಸಿ. ಮುಂಬಯಿ ಆಡಳಿತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳ ಕನ್ನಡ ಉತಾರಗಳಲ್ಲಿ ಈ ಸಂಕ್ಷೇಪವನ್ನೋ ಇದರ ಕನ್ನಡ ರೂಪವನ್ನೋ ಕಂಡವರು ದಯವಿಟ್ಟು ತಿಳಿಸಬೇಕು. ಹಳೆ ಮೈಸೂರಿನ ಕ್ರಯಪತ್ರಗಳಲ್ಲಿ 'ಮೈನರ್ ಗಾರ್ಡಿಯನ್ ತಾಯಿ' ಎಂಬ ಬರಹ ಸಾಮಾನ್ಯ. ಪತ್ರ ಬರಹಗಾರರು ಅದನ್ನು ಕನ್ನಡಕ್ಕೆ ತರುವ ಗೋಜಿಗೇ ಹೋಗಿಲ್ಲ.

ಈಗ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಪದದ ಆಯ್ಕೆಯನ್ನು ಕಷ್ಟಕ್ಕೆ ಸಿಕ್ಕಿಸಿರುವುದು ಮುಖ್ಯವಾಗಿ ಇದು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದರ 12ನೆಯ ವಿಧಿಯ ಪ್ರಕಾರ ಎಲ್ಲ ವ್ಯಕ್ತಿಗಳಿಗೂ ಕಾನೂನಿನ ಮುಂದೆ ಸಮಾನ ಸಾಮರ್ಥ್ಯವಿದೆ, ಅದನ್ನು ಚಲಾಯಿಸಲು ಬೇಕಾದ ಬೆಂಬಲವನ್ನು ಸರ್ಕಾರ ಒದಗಿಸಬೇಕು. ಅದನ್ನು ಅನುಸರಿಸಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೆಯ ಪ್ರಕರಣವು ಸೀಮಿತ ಪಾಲನಾಧಿಕಾರ (ಲಿಮಿಟೆಡ್ ಗಾರ್ಡಿಯನ್‌ಶಿಪ್) ಎಂಬುದನ್ನು ಹೀಗೆ ವಿವರಿಸುತ್ತದೆ: ಅದು ಪರಸ್ಪರ ತಿಳಿವಳಿಕೆ ಮತ್ತು ನಂಬಿಕೆಯ ಮೇಲೆ ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಕೂಡಿ ನಿರ್ಧರಿಸುವ ವ್ಯವಸ್ಥೆ, ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಸನ್ನಿವೇಶಕ್ಕೆ ಮಾತ್ರ ಅದು ಸೀಮಿತ, ಅದು ನಡೆಯಬೇಕಾದದ್ದು ವೈಕಲ್ಯವಿರುವ ವ್ಯಕ್ತಿಯ ಇಚ್ಛೆಯಂತೆ. ಇಂಥ ಸಂಬಂಧಕ್ಕೆ 'ಪೋಷಕ' ಎಂದರೆ ಎದುರಿನ ವ್ಯಕ್ತಿ ತಾನಾಗಿ ಪೋಷಿತನಾಗಿ, ಬಾಯಿಗೆ ತುತ್ತಿಡಬೇಕಾದ ಮಗುವಾಗಿ ಕಾಣುತ್ತಾನೆ. ಮೂವತ್ತು ದಾಟಿದವರನ್ನೂ 'ವಿಶೇಷ ಮಗು' ಎಂದೇ ಕರೆಯುವ ನಮ್ಮ ಅಭ್ಯಾಸದ ಜೊತೆಗೆ ಇದೂ ಸೇರಿದರೆ ಆ ವ್ಯಕ್ತಿಗೆ ದೊಡ್ಡವರಾಗಲು ಭಾಷೆಯಲ್ಲಿ ಜಾಗವೇ ಉಳಿಯುವುದಿಲ್ಲ. ಪಕ್ಕದಲ್ಲಿ ನಿಂತು ನಾಯಕನಿಗೆ ದಾರಿ ಬಿಡುವ ಪೋಷಕ ನಟನ ಅರ್ಥವೇ ಹತ್ತಿರದ್ದು ಎಂದು ಮೇಲೆ ಹೇಳಿದ್ದು ಇದಕ್ಕಾಗಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ ಇದೆ. ಅಧಿಕಾರವಿರಲಿ ಇಲ್ಲದಿರಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಮಗುವಿನ ಪರವಾಗಿ ಮಾತಾಡುವ, ಸಿಗಬೇಕಾದದ್ದನ್ನು ಕೇಳಿ ಪಡೆಯುವ ಕೆಲಸಕ್ಕೆ ಏನೆನ್ನಬೇಕು? ಕನ್ನಡದಲ್ಲಿ ಇನ್ನೊಬ್ಬರ ಪರ ಮಾತಾಡುವುದಕ್ಕೆ ಪದಗಳಿಗೇನೂ ಕೊರತೆಯಿಲ್ಲ, ಆದರೆ ಹೆಚ್ಚಿನವು ಅನುಮಾನದ ಕಣ್ಣಿನವು. 'ವಕಾಲತ್ತು ವಹಿಸು' ಎಂಬುದು ನ್ಯಾಯಾಲಯದ ಹೊರಗೆ ಬಂದೊಡನೆ 'ನಿನಗ್ಯಾಕೆ ಅವನ ವಕಾಲತ್ತು' ಎಂಬ ಹಂಗಣೆಯಾಗುತ್ತದೆ. 'ಮಗನನ್ನು ವಹಿಸಿಕೊಂಡು ಬಂದಳು' ಎಂದರೆ ತಪ್ಪು ಮಾಡಿದ ಮಗನನ್ನು ತಾಯಿ ಸಮರ್ಥಿಸುತ್ತಿದ್ದಾಳೆ ಎಂದೇ ಅರ್ಥ. 'ಪಕ್ಷ ವಹಿಸು' ಎಂಬುದು ಪಕ್ಷಪಾತದ ಮಗ್ಗುಲಲ್ಲೇ ಇದೆ, 'ವಶೀಲಿ'ಯ ವಿಷಯ ಹೇಳುವುದೇ ಬೇಡ. ಸಂಘಟನೆಗಳವರು ಬಳಸುವ 'ಹಕ್ಕೊತ್ತಾಯ' ಗಟ್ಟಿಯಾದ ಪದ, ಮೆರವಣಿಗೆಗೂ ಮನವಿಪತ್ರಕ್ಕೂ ಸರಿ. ಆದರೆ ಪರೀಕ್ಷೆಯಲ್ಲಿ ಮಗಳಿಗೆ ಬರೆದುಕೊಡುವವರು ಬೇಕೆಂದು ಮುಖ್ಯೋಪಾಧ್ಯಾಯರ ಎದುರು ಕುರ್ಚಿಯ ತುದಿಯಲ್ಲಿ ಕುಳಿತು ಕೇಳುವ ತಾಯಿಯ ಮಾತಿಗೆ ಅದು ಭಾರವಾಗುತ್ತದೆ.

ನನಗೆ ಹಿಡಿಸಿದ ಪದ 'ಒತ್ತಾಸೆ'. 'ಅವಳಿಗೆ ಒತ್ತಾಸೆಯಾಗಿ ನಿಂತರು' ಎಂದಾಗ ಅಧಿಕಾರದ ಸೋಂಕಿಲ್ಲ, ಅನುಮಾನವೂ ಇಲ್ಲ. ಮುಂದೆ ನಿಂತವಳು ಅವಳೇ, ಇವರು ಹಿಂದೆ. ಮಕ್ಕಳು ಬೆಳೆದು ತಮ್ಮ ಮಾತನ್ನು ತಾವೇ ಆಡಲು ತೊಡಗಿದಾಗ ತಂದೆತಾಯಿ ಎಲ್ಲಿ ನಿಲ್ಲಬೇಕೆಂಬುದನ್ನೂ ಈ ಪದ ಹೇಳುತ್ತದೆ. ಇದರ ಕೊರತೆಯೆಂದರೆ, ಕೇಳಿ ಪಡೆಯುವ, ಪಟ್ಟು ಹಿಡಿಯುವ ಅಂಶ ಇದರಲ್ಲಿ ಮೃದುವಾಗುತ್ತದೆ. ಕರಾವಳಿಯ ಮತ್ತು ಕಲಬುರಗಿಯ ಕಡೆಯ ಮಾತಿನಲ್ಲಿ ಇದರ ಬಳಕೆ ಹೇಗೆ, ಇದಕ್ಕೆ ಬದಲಾಗಿ ಬೇರೇನು ಬಳಸುತ್ತಾರೆ ಎಂಬುದನ್ನು ಆ ಭಾಗದವರು ತಿಳಿಸಿದರೆ ಉಪಕಾರವಾಗುತ್ತದೆ.

ಸದ್ಯಕ್ಕೆ ನನ್ನ ಒಲವು ಹೀಗಿದೆ. ತಂದೆತಾಯಿಗೆ 'ತಂದೆತಾಯಿ' ಎಂದೇ ಬರೆಯುವುದು. 'ಹೆತ್ತವರು' ಎಂದರೆ ದತ್ತು ಪಡೆದವರು ಹೊರಗುಳಿಯುತ್ತಾರೆ. ಅವರಿಲ್ಲದೆ ಬೇರೆಯವರು ಬೆಳೆಸಿದ್ದರೆ 'ಸಾಕಿದವರು'. ಸಮಿತಿಯಿಂದ ನೇಮಕಗೊಂಡವರಿಗೆ, ಕನ್ನಡದ ಅಭಿಮಾನವನ್ನು ಒಂದಿಷ್ಟು ಬದಿಗಿಟ್ಟು, 'ಗಾರ್ಡಿಯನ್'. ಜಿಲ್ಲಾಧಿಕಾರಿ ಕಚೇರಿಗೆ ಅಲೆಯುವ ಮನೆಗಳವರೆಲ್ಲ 'ಗಾರ್ಡಿಯನ್‌ಶಿಪ್ ಮಾಡಿಸಬೇಕು' ಎಂದೇ ಹೇಳುತ್ತಾರೆ. ಅವರ ಬಾಯಲ್ಲಿ ಅದು ಈಗಾಗಲೇ ತಂದೆತನದಿಂದ ಬೇರೆಯಾದ, ಕಾಗದದ ಮೇಲೆ ಬರುವ, ಅರ್ಜಿ ಹಾಕಿ ಪಡೆಯುವ ವಸ್ತುವಾಗಿದೆ. ನಾವು ಹುಡುಕುತ್ತಿರುವ ವ್ಯತ್ಯಾಸವನ್ನು ಬಳಕೆದಾರರೇ ಮಾಡಿಕೊಂಡಿರುವಾಗ ಅದನ್ನು ಅಳಿಸುವ ಕನ್ನಡ ಪದ ಹೇರುವುದು ಯಾರಿಗೆ ಉಪಯೋಗ? ಆದರೆ 2016ರ ಕಾಯ್ದೆಯ ಕೂಡಿ ನಿರ್ಧರಿಸುವ ವ್ಯವಸ್ಥೆಗೆ ಈ ಎರವಲು ಪದವೂ ಹೊಂದುವುದಿಲ್ಲ. ಅಲ್ಲಿ ನಾನು ಇನ್ನೂ ತಡಕಾಡುತ್ತಿದ್ದೇನೆ.

ಅಭಿಪ್ರಾಯ ತಿಳಿಸುವವರಿಗೆ ಅನುಕೂಲವಾಗಲೆಂದು ಕರಡಿನ ಮೂರು ವಾಕ್ಯಗಳನ್ನು ಖಾಲಿ ಜಾಗ ಬಿಟ್ಟು ಕೆಳಗೆ ಕೊಟ್ಟಿದ್ದೇನೆ. ಮೂರರಲ್ಲಿಯೂ ಒಂದೇ ಪದ ಬರಬಾರದು, ಮೂರೂ ಹಳ್ಳಿಯ ಶಾಲೆಯ ಮುಂದೆ ಗಟ್ಟಿಯಾಗಿ ಓದಿದರೆ ಅರ್ಥವಾಗಬೇಕು ಎಂಬುದಷ್ಟೇ ನಿಬಂಧನೆ.

'ಮಗಳಿಗೆ ಹದಿನೆಂಟು ತುಂಬಿದ ಮೇಲೆ ಆಕೆಯ ಪರವಾಗಿ ಸಹಿ ಮಾಡಬೇಕಾದರೆ ತಾಯಿ ಸಮಿತಿಯಿಂದ ಆಕೆಯ ______ ಆಗಿ ನೇಮಕಗೊಂಡಿರಬೇಕು.'

'ಯಾವ ಊರಿನಲ್ಲಿ, ಯಾರ ಜೊತೆ ಇರಬೇಕೆಂಬುದನ್ನು ಮಗಳೇ ನಿರ್ಧರಿಸುತ್ತಾಳೆ. ಕರಾರುಪತ್ರವನ್ನು ಓದಿ ಹೇಳಿ, ಆಕೆಯ ಜೊತೆ ಕೂತು ಯೋಚಿಸುವವರು ಆಕೆಯ ______.'

'ಶಾಲೆ ಸೇರಿಸಿಕೊಳ್ಳಲು ಒಪ್ಪದಿದ್ದಾಗ ತಂದೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಬಳಿ ಹೋಗಿ ಮಗುವಿನ ______ ಮಾಡಬೇಕಾಗುತ್ತದೆ.'