ಸ್ವಿಫ್ಟ್ ಕಾರಿನ ಕಂಪನಿ ಸೈಲೆನ್ಸರ್ ಬದಲಿಸಬೇಕು, ಮೈಸೂರಿನಲ್ಲಿ ನಂಬಿಕೆಯ ಕೆಲಸಗಾರರು ಯಾರಿದ್ದಾರೆ?

ಕೆಂಪುಸ್ವಿಫ್ಟ್, ಮೈಸೂರು:

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಪೆಟ್ರೋಲ್ ಸ್ವಿಫ್ಟ್, 1.2 ಇಂಜಿನ್, ಬಿಎಸ್4 ಗಾಡಿ. 74 ಸಾವಿರ ಕಿಲೋಮೀಟರ್ ಓಡಿದೆ, ಇಂಜಿನ್ ಚೆನ್ನಾಗಿದೆ. ಸೈಲೆನ್ಸರಿನ ಹಿಂದಿನ ಡಬ್ಬಿ ಮಾತ್ರ ತುಕ್ಕು ಹಿಡಿದು, ಅಂಚಿನ ಮಡಿಕೆಯ ಹತ್ತಿರ ತೂತು ಬಿದ್ದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅಲ್ಲಿಂದ ಪುಸ್ ಪುಸ್ ಅಂತ ಹೊಗೆ ಬರುತ್ತದೆ, ಕೆಳಗೆ ನೀರೂ ತೊಟ್ಟಿಕ್ಕುತ್ತದೆ.

ಹೇಗೂ ಬದಲಿಸಲೇಬೇಕು. ಅದೇ ತಗಡಿನ ಡಬ್ಬಿ ತಂದು ಹಾಕುವ ಬದಲು ಸ್ಟೀಲಿನದ್ದು ಮಾಡಿಸೋಣ, ದನಿ ಒಂಚೂರು ಗಂಭೀರವಾಗಿ ಬರಲಿ ಅಂತ ಆಸೆ. ಎರಡು ಕಡೆ ಹೋಗಿ ಬಂದೆ. ಮೊದಲನೆಯವರು ಗಾಡಿ ಜಾಕ್ ಮೇಲೂ ಎತ್ತಲಿಲ್ಲ, "ಕ್ಯಾಟ್‌ಕಾನ್ (ಕ್ಯಾಟಲಿಟಿಕ್ ಕನ್ವರ್ಟರ್) ತೆಗೆದು ಸ್ಟ್ರೈಟ್ ಪೈಪ್ ಹಾಕೋಣ, ಪಿಕಪ್ ಜಾಸ್ತಿ ಆಗುತ್ತೆ, ಹಳೇ ಮಾಲು ನಮಗೇ ಬಿಟ್ಟುಬಿಡಿ" ಅಂದರು. ಎರಡನೆಯವರು ಗೇಟು, ಗ್ರಿಲ್ ಮಾಡುವವರು, ಈಗಲೇ ಕಟ್ ಮಾಡುತ್ತೇನೆ ಅಂತ ಗ್ರೈಂಡರ್ ಹಿಡಿದುಕೊಂಡೇ ಬಂದರು. ಎರಡೂ ಕಡೆ ಮನಸ್ಸು ಒಪ್ಪಲಿಲ್ಲ.

ಸದ್ದು ಜೋರಾಗುವುದು ನನಗೆ ಬೇಡವೇ ಬೇಡ. ಶಿಫ್ಟ್ ಮುಗಿಸಿ ಮನೆಗೆ ಬರುವಾಗ ರಾತ್ರಿ ಹನ್ನೆರಡೂವರೆ ಆಗಿರುತ್ತದೆ, ಅಮ್ಮನಿಗೆ ಮೊದಲೇ ನಿದ್ದೆ ಕಡಿಮೆ. ಎಂಥವರ ಹತ್ತಿರ ಹೋಗಬೇಕು, ಹೋದರೆ ಏನು ಕೇಳಬೇಕು, ತಿಳಿದವರು ಹೇಳಿ.

ಆಯಿಲ್‌ಕೈ, ಹಾಸನ:

ಕ್ಯಾಟ್‌ಕಾನ್ ಮುಟ್ಟಲು ಬಿಡಲೇಬೇಡಿ ಸರ್. ಅದರೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ ಇರುತ್ತದೆ, ಗುಜರಿಯಲ್ಲಿ ಅದಕ್ಕೆ ಒಳ್ಳೇ ಬೆಲೆ. "ಹಳೇ ಮಾಲು ನಮಗೇ ಬಿಡಿ" ಅಂದಿದ್ದು ಯಾಕೆ ಅಂತ ಗೊತ್ತಾಯಿತಲ್ವಾ? ವಿಷದ ಹೊಗೆಯನ್ನು ಕಡಿಮೆ ಮಾಡುವ ಭಾಗವೇ ಅದು. ನಿಮ್ಮ ಗಾಡಿಯಲ್ಲಿ ಅದರ ಹಿಂದೆ ಮುಂದೆ ಆಕ್ಸಿಜನ್ ಸೆನ್ಸರ್ ಇರುತ್ತವೆ. ಕ್ಯಾಟ್ ತೆಗೆದರೆ ಹಿಂದಿನ ಸೆನ್ಸರ್ ಅದನ್ನು ಕಂಡುಹಿಡಿದು ಚೆಕ್ ಇಂಜಿನ್ ಲೈಟ್ ಹತ್ತಿಸುತ್ತದೆ, ಎಮಿಷನ್ ಟೆಸ್ಟಲ್ಲೂ ಸಿಕ್ಕಿಬೀಳುತ್ತೀರಿ. ನಿಮ್ಮ ತೊಂದರೆ ಇರುವುದು ಕೊನೆಯ ಡಬ್ಬಿಯಲ್ಲಿ. ಕ್ಯಾಟ್ ಇರುವುದು ಮುಂದೆ, ಇಂಜಿನ್ ಹತ್ತಿರ. ಒಂದಕ್ಕೊಂದು ಸಂಬಂಧವೇ ಇಲ್ಲ.

ಆರ್ಗಾನ್, ಪೀಣ್ಯ:

ಇಪ್ಪತ್ತೆರಡು ವರ್ಷದಿಂದ ಸ್ಟೀಲ್ ಪೈಪ್ ಕೆಲಸ ಮಾಡುತ್ತಿದ್ದೇನೆ. ಇಂಥವರ ಹತ್ತಿರವೇ ಹೋಗಿ ಅಂತ ಹೆಸರು ಹೇಳುವುದಿಲ್ಲ, ಒಳ್ಳೆಯವರನ್ನು ಗುರುತು ಹಿಡಿಯುವುದು ಹೇಗೆ ಅಂತ ಹೇಳುತ್ತೇನೆ.

ನಿಮ್ಮ ಊರಲ್ಲಿ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಒಂದು ಸುತ್ತು ಹಾಕಿ. ಹಾಲಿನ ಡೇರಿಗೆ, ಔಷಧಿ ಕಾರ್ಖಾನೆಗೆ ಸ್ಟೀಲ್ ಪೈಪ್ ಜೋಡಿಸುವವರು ಇದ್ದರೆ ವಿಚಾರಿಸಿ. ಆ ಕೆಲಸ ಮಾಡಿದ ಕೈಗೆ ಸೈಲೆನ್ಸರ್ ಕಷ್ಟವಲ್ಲ. ಆರ್ಗಾನ್ ವೆಲ್ಡಿಂಗ್, ಅಂದರೆ ಆರ್ಗಾನ್ ಗ್ಯಾಸ್ ಬಿಟ್ಟು ಮಾಡುವ ವೆಲ್ಡಿಂಗ್ ಇದೆಯಾ ಅಂತ ಮೊದಲು ಕೇಳಿ. ಆಮೇಲೆ ಅವರು ಮಾಡಿದ ಯಾವುದಾದರೂ ಪೈಪ್ ತುಂಡು ಕೇಳಿ, ಒಳಗೆ ಬೆರಳು ಹಾಕಿ ನೋಡಿ. ಹೊರಗಡೆ ಎಲ್ಲರ ವೆಲ್ಡೂ ಹೊಲಿಗೆ ಹಾಕಿದ ಹಾಗೆ ಚೆನ್ನಾಗಿಯೇ ಕಾಣುತ್ತದೆ. ವೆಲ್ಡ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಬಿಡದಿದ್ದರೆ ಒಳಗಡೆ ಕಪ್ಪಗೆ, ಸುಟ್ಟ ಬೆಲ್ಲದ ಹಾಗೆ ಒರಟು ಒರಟಾಗಿರುತ್ತದೆ, ಮುಂದೆ ಸೀಳು ಬಿಡುವುದು ಅಲ್ಲಿಂದಲೇ.

ಪೈಪ್ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಅಂತ ಎಲ್ಲರೂ ಹೇಳುತ್ತಾರೆ. ಆಯಸ್ಕಾಂತ ಹಿಡಿಯಲ್ಲ ನೋಡಿ ಅಂತ ತೋರಿಸುತ್ತಾರೆ. ಅಷ್ಟಕ್ಕೇ ನಂಬಬೇಡಿ, ಮನೆ ಮೆಟ್ಟಿಲ ಕಂಬಿಗೆ ಹಾಕುವ 202 ಕೂಡ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಬೇಗ ತುಕ್ಕು ಹಿಡಿಯುತ್ತದೆ. ಪೈಪಿನ ಮೇಲೆ ಅಚ್ಚು ಹಾಕಿರುವ ಗ್ರೇಡ್ ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಮುಖ್ಯವಾದ ಮಾತು ಇದು. ನಿಮ್ಮ ಹಿಂದಿನ ಡಬ್ಬಿಗೆ ಫ್ಲೇಂಜ್, ಅಂದರೆ ಬೋಲ್ಟ್ ಹಾಕಿ ಪೈಪಿಗೆ ಜೋಡಿಸುವ ಚಪ್ಪಟೆ ಅಂಚು ಇರುತ್ತದೆ. ಹೊಸ ಡಬ್ಬಿಗೂ ಅದೇ ಅಳತೆಯ ಫ್ಲೇಂಜ್ ಮಾಡಿಸಿ ಬೋಲ್ಟ್ ಹಾಕಿಸಿ. ಗಾಡಿಯ ಪೈಪಿಗೆ ಬ್ಲೇಡ್ ತಾಗಬಾರದು. ನಾಳೆ ಬೇಡ ಅನ್ನಿಸಿದರೆ ಕಂಪನಿ ಡಬ್ಬಿ ತಂದು ಅರ್ಧ ಗಂಟೆಯಲ್ಲಿ ಸಿಕ್ಕಿಸಬಹುದು. ಇದಕ್ಕೆ ಒಪ್ಪದವರ ಹತ್ತಿರ ಕೆಲಸ ಕೊಡಬೇಡಿ. ಗಾಡಿಯ ಮೇಲೇ ಟ್ಯಾಕ್ (ಚಿಕ್ಕ ವೆಲ್ಡ್ ಚುಕ್ಕೆ) ಹಾಕಬೇಕಾಗಿ ಬಂದರೆ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿಸಿ, ಇಲ್ಲದಿದ್ದರೆ ಇಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಸುಟ್ಟುಹೋಗುವ ಅಪಾಯ ಇದೆ.

ಪೈಪ್ ದಪ್ಪ ಆದಷ್ಟೂ ಪಿಕಪ್ ಜಾಸ್ತಿ ಅನ್ನುವುದು ಸುಳ್ಳು. ನಿಮ್ಮದು 1197 ಸಿಸಿ. ಎರಡೂವರೆ ಇಂಚಿನ ಪೈಪ್ ಹಾಕಿದರೆ ಹೊಗೆಯ ವೇಗ ಕುಗ್ಗಿ, ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಎಳೆಯುವುದಿಲ್ಲ. ಕಂಪನಿ ಅಳತೆಯೇ ಇರಲಿ.

ಡಬ್ಬಿ ತುಕ್ಕು ಹಿಡಿದಿದ್ದು ಗಾಡಿ ಹತ್ತಿರ ಹತ್ತಿರವೇ ಓಡುವುದರಿಂದ ಇರಬೇಕು. ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಹಿಂದಿನ ಡಬ್ಬಿ ಬಿಸಿಯೇ ಆಗುವುದಿಲ್ಲ, ನೀರು ಒಳಗೇ ನಿಲ್ಲುತ್ತದೆ. ಅದಕ್ಕೇ ಎಷ್ಟೋ ಕಂಪನಿ ಡಬ್ಬಿಗಳ ತಳದಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಹೊಸದರಲ್ಲೂ ಅದನ್ನು ಬಿಡಿಸಿ.

ಘಾಟಿಸವಾರ, ಚಿಕ್ಕಮಗಳೂರು:

ಸದ್ದಿನ ಬಗ್ಗೆ ನನ್ನ ಅನುಭವ ಹೇಳಲೇಬೇಕು. ನಾನೂ ಹಿಂದೊಮ್ಮೆ ಡಬ್ಬಿ ಬದಲಿಸಿದ್ದೆ. ಊರೊಳಗೆ ಕೇಳಲು ಚೆಂದ ಇತ್ತು. ಹೈವೇಗೆ ಹೋದಾಗ ಐದನೇ ಗೇರಿನಲ್ಲಿ 2800 ಆರ್‌ಪಿಎಂ ಹತ್ತಿರ ಗುಂ ಅಂತ ಒಂದು ಸದ್ದು ಶುರುವಾಗಿ ನಿಲ್ಲುತ್ತಲೇ ಇರಲಿಲ್ಲ. ಹೊರಗೆ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಅತ್ತೆಯವರು ಕಡೂರು ಬರುವಷ್ಟರಲ್ಲಿ ತಲೆ ಹಿಡಿದುಕೊಂಡಿದ್ದರು. ಅವತ್ತೇ ತೀರ್ಮಾನ ಮಾಡಿ ಹಳೆಯದನ್ನು ಹಾಕಿಸಿದೆ. ದುಡ್ಡು ಕೊಡುವ ಮೊದಲು ಗಾಡಿಯನ್ನು ರಿಂಗ್ ರೋಡಿಗೆ ಒಯ್ಯಿರಿ, ಬೇರೆಯವರಿಗೆ ಓಡಿಸಲು ಕೊಟ್ಟು ನೀವು ಹಿಂದೆ ಕೂತು ಕೇಳಿ.

ಆರ್ಗಾನ್, ಪೀಣ್ಯ:

ಇವರು ಹೇಳಿದ್ದು ನಿಜ. ನಾಲ್ಕು ಸಿಲಿಂಡರ್ ಇಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಬಡಿಯುತ್ತದೆ, ಆ ತಗ್ಗು ದನಿಗೆ ಕಾರಿನ ಒಳಗಿನ ಜಾಗವೇ ತಮಟೆಯ ಹಾಗೆ ಆಗುತ್ತದೆ. ಪೈಪಿನ ಮಧ್ಯದಲ್ಲಿರುವ ರೆಸೊನೇಟರ್, ಅಂದರೆ ಆ ಗುಂ ಸದ್ದು ತಗ್ಗಿಸುವ ಚಿಕ್ಕ ಡಬ್ಬಿ, ತೆಗೆಸಬೇಡಿ. ಬರೀ ತೂತಿನ ಪೈಪಿಗೆ ಗ್ಲಾಸ್ ವುಲ್ ಸುತ್ತಿದ ಡಬ್ಬಿ ಬೇಡ, ವುಲ್ ಉದುರುತ್ತಾ ಹೋದ ಹಾಗೆ ಸದ್ದು ಏರುತ್ತದೆ. ಒಳಗೆ ಕೋಣೆ ಕೋಣೆಯಾಗಿ ತಡೆ ಇರುವ ಡಬ್ಬಿ ಕೇಳಿ.

ಕಪ್ಪುಕೋಟು, ಧಾರವಾಡ:

ಕಾನೂನನ್ನೂ ತಿಳಿದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ನಿನಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇದೆ. ಶಬ್ದ ಅಥವಾ ಹೊಗೆಯ ಮಿತಿ ಮೀರಿದರೆ 190ರ ಅಡಿ ಮೊದಲ ಸಲಕ್ಕೇ 10,000ದವರೆಗೆ ಹಾಕಬಹುದು. ನಿಮ್ಮ ಗಾಡಿ ಬಂದ 2018ರಲ್ಲಿ ಹೊಸ ಕಾರುಗಳಿಗೆ ಶಬ್ದದ ಮಿತಿ 74 ಡೆಸಿಬಲ್ ಇತ್ತು. ಬೈಕಿನ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಜೋಡಿಸಿ ಪೊಲೀಸರು ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರುತ್ತೀರಿ. ತೂತು ಬಿದ್ದ ಡಬ್ಬಿಗೆ ಕಂಪನಿಯದ್ದೇ ಹೊಸ ಡಬ್ಬಿ ಹಾಕಿಸುವುದು ಎಲ್ಲಕ್ಕಿಂತ ನೆಮ್ಮದಿ. ಬೇರೆಯದ್ದು ಹಾಕಿಸಿದರೆ ಇನ್ಶೂರೆನ್ಸ್ ಕ್ಲೇಮ್ ಸಮಯದಲ್ಲೂ ಪ್ರಶ್ನೆ ಬರಬಹುದು.

ಕೆಂಪುಸ್ವಿಫ್ಟ್, ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರದ ನಂತರ ಬರೆಯುತ್ತಿದ್ದೇನೆ. ಧಾರವಾಡದವರ ಮಾತು ಓದಿದ ಮೇಲೆ ಗಂಭೀರ ದನಿಯ ಆಸೆ ಬಿಟ್ಟೆ. ಶೋರೂಮಿನಲ್ಲಿ ಕಂಪನಿ ಡಬ್ಬಿಗೇ ಆರ್ಡರ್ ಕೊಟ್ಟೆ. ಹಾಕಿಸಲು ಮಾತ್ರ ಪೀಣ್ಯದ ಅಣ್ಣ ಹೇಳಿದ ಕಡೆಯೇ ಹುಡುಕಿಕೊಂಡು ಹೋದೆ, ಯಾಕೆಂದರೆ ಫ್ಲೇಂಜಿನ ಬೋಲ್ಟ್ ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು, ಬೇರೆ ಕಡೆ ಎಲ್ಲರೂ ಕಟ್ ಮಾಡಬೇಕು ಅಂದರು. ಇಲ್ಲಿ ಒಬ್ಬರು ವಯಸ್ಸಾದವರು ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಾ ಅಂದರು. ಬೆಳಿಗ್ಗೆ ನಟ್ಟನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಒಂದು ಸಲ ಬಿಗಿ ಮಾಡುವ ಕಡೆ ತಿರುಗಿಸಿ, ಆಮೇಲೆ ಬಿಚ್ಚಿದರು. ಪೈಪಿಗೆ ಒಂದು ಗೀರೂ ಆಗಲಿಲ್ಲ. ಹೊಸ ಗ್ಯಾಸ್ಕೆಟ್, ಡಬ್ಬಿ ತೂಗುಹಾಕುವ ಹೊಸ ಹ್ಯಾಂಗರ್ ರಬ್ಬರ್ ಹಾಕಿಸಿದೆ. ಹಿಂದಿನ ಸೀಟಿನಲ್ಲಿ ಕೂತು ಬೋಗಾದಿವರೆಗೆ ಕೇಳಿಸಿಕೊಂಡು ಬಂದೆ, ಗಾಡಿ ಹೊಸದರ ಹಾಗಿದೆ.

ಒಂದೇ ಅನುಮಾನ. ಮೊದಲ ದಿನ ಡಬ್ಬಿಯಿಂದ ಸ್ವಲ್ಪ ಹೊಗೆ, ಸುಟ್ಟ ವಾಸನೆ ಬಂತು. ತೊಂದರೆ ಇಲ್ವಾ?

ಆರ್ಗಾನ್, ಪೀಣ್ಯ:

ಏನೂ ಇಲ್ಲ, ಮಾಲಿನ ಮೇಲೆ ಹಚ್ಚಿರುವ ಎಣ್ಣೆ ಅದು, ಒಂದೆರಡು ದಿನದಲ್ಲಿ ಹೋಗುತ್ತದೆ. 500 ಕಿಲೋಮೀಟರ್ ಆದ ಮೇಲೆ, ಗಾಡಿ ತಣ್ಣಗಿರುವಾಗ, ಫ್ಲೇಂಜಿನ ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿಸಿ. ಆ ಹಿರಿಯರ ಅಂಗಡಿ ಬಿಡಬೇಡಿ.